ಒಣ ತೂಕ

ಆ ಸಂಖ್ಯೆ ಬರೆದವಳು ನಾನೇ. ಒಂದು ಬ್ಲಾಕಿಗೆ 14.6 ಕೆಜಿ. ಕೆಳಗೆ ಸಹಿ: ಪೂಜಿತಾ ಎಂ., ಬಿ.ಎಸ್ಸಿ.

ಸಂಖ್ಯೆ ಸುಳ್ಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೊರಮಾವಿನಲ್ಲಿ ಏಳುತ್ತಿದ್ದ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟಿನ ಹಿಂದೆ ಒಂದು ತಗಡಿನ ಶೆಡ್ಡಿತ್ತು. ಅದು ಲ್ಯಾಬ್. ಅಲ್ಲಿ ನಾನೊಬ್ಬಳೇ. ಕಾರ್ಖಾನೆಯಿಂದ ಲೋಡು ಬಂದಾಗಲೆಲ್ಲ ಮೂರು ಬ್ಲಾಕು ಆರಿಸಿ ತರಿಸುತ್ತಿದ್ದೆ. ಬಂದ ಸ್ಥಿತಿಯಲ್ಲೇ ತೂಗಿ ರಫ್ ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಆಮೇಲೆ ನೂರೈದು ಡಿಗ್ರಿಯ ಓವನ್ನಿನಲ್ಲಿ ಇಪ್ಪತ್ನಾಲ್ಕು ಗಂಟೆ ಇಡುತ್ತಿದ್ದೆ. ತೆಗೆದು, ಆರಿಸಿ, ಮತ್ತೆ ತೂಗುತ್ತಿದ್ದೆ. ಮತ್ತೆ ಇಟ್ಟು ಮತ್ತೆ ತೂಗಿದಾಗಲೂ ಅದೇ ತೂಕ ಬಂದರೆ ಅದನ್ನು ವರದಿಯಲ್ಲಿ ಬರೆಯುತ್ತಿದ್ದೆ. ಕೋಡ್, ಅಂದರೆ ಪರೀಕ್ಷೆಯ ನಿಯಮ, ಹಾಗಿದೆ. ಕಾಲೇಜಿನಲ್ಲಿ ಕಲಿತದ್ದೂ ಹಾಗೆಯೇ. ಒಂದು ಗ್ರಾಂ ಆಚೀಚೆ ಬಿಟ್ಟವಳಲ್ಲ ನಾನು.

ಬ್ಲಾಕೆಂದರೆ ಇಟ್ಟಿಗೆಯ ಜಾಗಕ್ಕೆ ಬಂದ ಬಿಳಿ ಕಲ್ಲು. ಎರಡಡಿ ಉದ್ದ, ಎಂಟಿಂಚು ಅಗಲ, ಎಂಟಿಂಚು ಎತ್ತರ. ಹಾರುಬೂದಿ, ಸುಣ್ಣ, ಸಿಮೆಂಟು, ಚಿಟಿಕೆ ಅಲ್ಯೂಮಿನಿಯಂ ಪುಡಿ. ಕಲಸಿದರೆ ದೋಸೆ ಹಿಟ್ಟಿನಂತೆ ಉಬ್ಬುತ್ತದೆ. ತಂತಿಯಲ್ಲಿ ಕತ್ತರಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಒಳಗೆಲ್ಲ ಗಾಳಿಗುಳ್ಳೆ. ಒಂದು ಬ್ಲಾಕು ಕೂರಿಸಿದರೆ ಹತ್ತು ಇಟ್ಟಿಗೆ ಕೂರಿಸಿದಷ್ಟು ಗೋಡೆ ಏಳುತ್ತದೆ. ಮರಳು ಬೇಡ. ಗಾರೆ ಕಲಸುವುದು ಬೇಡ. ಮೂಟೆಯಲ್ಲಿ ಬರುವ ಅಂಟನ್ನು ಎರಡು ಮಿಲಿಮೀಟರು ಹಚ್ಚಿದರೆ ಸಾಕು. ಗೋಡೆಗೆ ವಾರಗಟ್ಟಲೆ ನೀರು ಹಾಯಿಸುವುದೂ ಬೇಡ.

ಬೇಡವಾದ ಪ್ರತಿಯೊಂದರ ಹಿಂದೆ ಒಬ್ಬ ಹೆಂಗಸಿದ್ದಳು. ಮರಳು ಜರಡಿ ಹಿಡಿಯುವವಳು. ಗಾರೆ ಕಲಸುವವಳು. ಗೋಡೆಗೆ ನೀರು ಹಾಕುವವಳು. ನಲವತ್ತು ಹೆಣ್ಣಾಳುಗಳಿದ್ದ ಸೈಟಿನಲ್ಲಿ ಇಪ್ಪತ್ತು ಉಳಿದರು. ಉಳಿದವರ ಪಾಲಿಗೆ ಒಂದೇ ಕೆಲಸ ಬಂತು. ಹೊರುವುದು.

ಆ ಇಪ್ಪತ್ತರಲ್ಲಿ ಒಬ್ಬಳು ಮುನಿಶಾಮಮ್ಮ. ನನ್ನ ಅಮ್ಮನ ಅಕ್ಕ. ನನ್ನ ದೊಡ್ಡಮ್ಮ. ಐವತ್ತೆರಡು ವರ್ಷ. ಹದಿನೈದಕ್ಕೆ ಇಟ್ಟಿಗೆ ಹೊರಲು ಶುರುಮಾಡಿ, ಮಂಡಿ ಸವೆದ ಮೇಲೆ ಗೋಡೆಗೆ ನೀರು ಹಾಕುವ ಕೆಲಸಕ್ಕೆ ಬಂದಿದ್ದಳು. ಪೈಪು ಹಿಡಿದು ನಿಂತರೆ ಸಾಕಿತ್ತು. ಆ ಕೆಲಸ ಹೋಯಿತು. ಪೈಪು ಬಿಟ್ಟು ಮತ್ತೆ ತಲೆಗೆ ಸಿಂಬೆ ಸುತ್ತಿಕೊಂಡಳು.

ಸೈಟಿನಲ್ಲಿ ಅವಳು ನನ್ನನ್ನು ಮೇಡಂ ಎನ್ನುತ್ತಿದ್ದಳು. ನಾನು ಅವಳನ್ನು ಏನೂ ಅನ್ನುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ದಿನ ಪ್ರಾಜೆಕ್ಟ್ ಮ್ಯಾನೇಜರ್ ಶ್ರೀನಿವಾಸ್ ಕೇಳಿದ್ದರು: "ಮನೆ ಎಲ್ಲಿ?"

"ಹೊರಮಾವು ಸಾರ್."

"ಹೊರಮಾವಲ್ಲಿ ಎಲ್ಲಿ?"

ಈ ಎರಡನೇ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತು. ಊರೊಳಗಾ ಕಾಲೊನಿಯಾ ಎಂದು ಅದರರ್ಥ. ಬಸ್ ಸ್ಟಾಪಿನ ಹತ್ತಿರ ಎಂದೆ. ಕಾಲೊನಿಯೂ ಬಸ್ ಸ್ಟಾಪಿನ ಹತ್ತಿರವೇ ಇದೆ. ಆವತ್ತೂ ನಾನು ಸುಳ್ಳು ಹೇಳಲಿಲ್ಲ.

ಲೆಕ್ಕ ಕಟ್ಟಿದವನು ಲಿಖಿತ್. ಪ್ಲಾನಿಂಗ್ ಎಂಜಿನಿಯರ್. ವಿಮಾನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗ. ಕೆಟ್ಟವನಲ್ಲ. ಬೆಳಗಿನ ಎಂಟು ಗಂಟೆಗೆ ಎಲ್ಲರನ್ನೂ ಗೇಟಿನ ಬಳಿ ನಿಲ್ಲಿಸಿ ಮಾತಾಡುವ ಪದ್ಧತಿ ನಮ್ಮಲ್ಲಿತ್ತು. ಒಂದು ದಿನ ಅಲ್ಲಿ ಅವನು ಕೈಯಲ್ಲಿ ನನ್ನ ವರದಿ ಹಿಡಿದು ನಿಂತ.

"ನೋಡ್ರಮ್ಮಾ, ಮುಂಚೆ ಒಂದು ಸಲಕ್ಕೆ ಹತ್ತು ಇಟ್ಟಿಗೆ ಹೊರ್ತಿದ್ರಿ. ಒಂದೊಂದು ಮೂರು ಕೆಜಿ. ಎಷ್ಟಾಯ್ತು, ಮೂವತ್ತು. ಈಗ ಎರಡು ಬ್ಲಾಕ್. ಇಪ್ಪತ್ತೊಂಬತ್ತು ಕೆಜಿ ಇನ್ನೂರು ಗ್ರಾಮ್. ಕಮ್ಮೀನೇ ಆಯ್ತಲ್ವಾ? ತೂಕ ಅಷ್ಟೇ, ಗೋಡೆ ಡಬಲ್. ಪ್ರೊಡಕ್ಟಿವಿಟಿ ಅಂದ್ರೆ ಇದೇ. ಇವತ್ತಿಂದ ಒಬ್ಬೊಬ್ಬರಿಗೆ ದಿನಕ್ಕೆ ನೂರಿಪ್ಪತ್ತು ಬ್ಲಾಕ್. ಅರವತ್ತು ಸಲ. ಅಷ್ಟೇ."

ಕಾಯ್ದೆಯ ಪ್ರಕಾರ ಕಟ್ಟಡದ ಕೆಲಸದಲ್ಲಿ ಒಬ್ಬ ಹೆಂಗಸು ಒಬ್ಬಳೇ ಹೊರಬಹುದಾದದ್ದು ಮೂವತ್ತು ಕೆಜಿ. ಎರಡು ಬ್ಲಾಕು ಅದರೊಳಗೆ ಎಂಟುನೂರು ಗ್ರಾಂ ಬಾಕಿ ಉಳಿಸಿ ಕುಳಿತಿತ್ತು. ಎಷ್ಟು ಅಚ್ಚುಕಟ್ಟು.

ದೊಡ್ಡಮ್ಮ ಕೈಯೆತ್ತಿದಳು. "ಸಾಮೀ, ತಲೆಗೆ ಹಂಗನ್ನುಸ್ತಿಲ್ಲ."

ಗಾರೆಯವರು ನಕ್ಕರು. ಲಿಖಿತನೂ ನಕ್ಕ. "ತಲೆಗೆ ಅನ್ಸೋದು ಬೇಡಮ್ಮಾ. ತೂಕ ಅಂದ್ರೆ ತೂಕ. ಲ್ಯಾಬ್ ರಿಪೋರ್ಟ್ ಇದೆ. ಮೇಡಂ ಇಲ್ಲೇ ಇದಾರಲ್ಲ, ಕೇಳಿ."

ಇಪ್ಪತ್ತು ಹೆಂಗಸರು ನನ್ನ ಕಡೆ ತಿರುಗಿದರು. ದೊಡ್ಡಮ್ಮನೂ ತಿರುಗಿದಳು.

"ಹೌದು," ಎಂದೆ. "ಹದಿನಾಲ್ಕೂವರೆ. ಚೂರು ಜಾಸ್ತಿ."

ಅವತ್ತು ಸಂಜೆ ಅವಳು ನಮ್ಮ ಮನೆಯ ಹೊಸಿಲ ಮೇಲೆ ಕೂತು ಕತ್ತಿಗೆ ಬಿಸಿನೀರಿನ ಬಟ್ಟೆ ಹಾಕಿಸಿಕೊಳ್ಳುತ್ತಿದ್ದಳು.

"ನಿನ್ ತಕ್ಕಡಿಗೆ ಏನೋ ಆಗೈತೆ ಕಣೆ ಪೂಜಾ."

"ತಕ್ಕಡಿ ಸರಿಯಾಗಿದೆ ದೊಡ್ಡಮ್ಮ. ನಿಂಗೆ ವಯಸ್ಸಾಯ್ತು."

ನಾನು ಹಾಗೆಂದೆ. ಬಾಯಿಂದ ಹೊರಬಿದ್ದ ಮಾತು. ಅವಳು ಬಟ್ಟೆ ಹಿಂಡಿ ಇನ್ನೊಂದು ಪಕ್ಕಕ್ಕೆ ಹಾಕಿಕೊಂಡಳು.

ಲಿಖಿತ್ ಮೊಬೈಲಿನಲ್ಲಿ ಸಮಯ ಹಿಡಿದು ಹೆಂಗಸರ ಹಿಂದೆ ಹೋಗತೊಡಗಿದ. ಸಾಮಾನಿನ ಲಿಫ್ಟು ಟೈಲ್ಸಿಗೆ ಮೀಸಲು. ಐದನೇ ಮಹಡಿಯವರೆಗೆ ಬ್ಲಾಕು ಮೆಟ್ಟಿಲ ಮೇಲೆಯೇ ಹೋಗಬೇಕು. ಹೊತ್ತು ಹತ್ತಿದರೆ ಅವನ ಪಟ್ಟಿಯಲ್ಲಿ ಹಸಿರು. ನಿಂತರೆ ಕೆಂಪು. ನೀರು ಕುಡಿಯುವುದು ಕೆಂಪು. ಸಿಂಬೆ ಬಿಚ್ಚಿ ಮತ್ತೆ ಸುತ್ತಿಕೊಳ್ಳುವುದು ಕೆಂಪು. ಒಬ್ಬಳು ಮೆಟ್ಟಿಲ ಕೆಳಗಿನ ಕತ್ತಲಿಗೆ ಹೋದಳು, ತಿಂಗಳ ಬಟ್ಟೆ ಬದಲಿಸಲು. ಅವನು ಹೊರಗೆ ನಿಂತು ಕಾದ. ನಾಲ್ಕು ನಿಮಿಷ ಹತ್ತು ಸೆಕೆಂಡು. ಅದೂ ಕೆಂಪು. ಸಂಜೆ ಆ ಪಟ್ಟಿ ಗೇಟಿನ ಗೋಡೆಗೆ ಅಂಟಿತು. ಹೆಸರಿನ ಮುಂದೆ ಕೆಂಪು ಗೆರೆ. ಓದಲು ಬಾರದವರಿಗೂ ಬಣ್ಣ ಗೊತ್ತಾಗುತ್ತದೆ.

ಬ್ಲಾಕಿನ ಮೈ ಮರಳು ಕಾಗದದ ಹಾಗೆ ಒರಟು. ಎರಡನ್ನು ಒಂದರ ಮೇಲೊಂದು ಇಟ್ಟರೆ ಹದಿನಾರು ಇಂಚಿನ ಎತ್ತರ. ಎರಡೂ ಕೈ ಎತ್ತಿ ಹಿಡಿಯಬೇಕು. ಹಿಡಿದರೆ ಮೆಟ್ಟಿಲು ಕಾಣುವುದಿಲ್ಲ. ಮೆಟ್ಟಿಲಿಗೆ ಇನ್ನೂ ಕಟಕಟೆ ಬಂದಿರಲಿಲ್ಲ. ಪಾದದ ಬೆರಳಲ್ಲಿ ಮೆಟ್ಟಿಲಂಚು ಹುಡುಕಿಕೊಂಡು ಹತ್ತುತ್ತಿದ್ದರು. ಮುಂಗೈಯೊಳಗಿನ ಚರ್ಮ ಸುಲಿದು, ಅಂಟಿನ ಪುಡಿ ಅದರೊಳಗೆ ಸೇರಿ, ಹುಣ್ಣಾಗುತ್ತಿತ್ತು. ಊಟದ ಹೊತ್ತಿಗೆ ಅನ್ನ ಕಲಸಲಾರದೆ ಕೆಲವರು ಚಮಚ ತರತೊಡಗಿದರು. "ಏನ್ರಮ್ಮಾ, ಎಲ್ಲ ಆಫೀಸರಾಗ್‌ಬುಟ್ರಾ?" ಎಂದು ಲೇಬರ್ ಕಂಟ್ರಾಕ್ಟರ್ ಬೈಲಪ್ಪ ನಗುತ್ತಿದ್ದ.

ಜುಲೈ ಮೊದಲ ವಾರ ಹಂಸ ಬಿದ್ದಳು.

ಹಂಸ ನಮ್ಮ ಬೀದಿಯವಳೇ. ಇಪ್ಪತ್ನಾಲ್ಕು ವರ್ಷ, ನಾಲ್ಕು ವರ್ಷದ ಮಗಳು. ನಗುವ ಸ್ವಭಾವ. ಮೂರನೇ ಮಹಡಿಯ ತಿರುವಿನಲ್ಲಿ ಅವಳ ಕುತ್ತಿಗೆಯಲ್ಲಿ ಏನೋ ಕಳಚಿಕೊಂಡಿತು. ಟಪ್ ಎಂದಿತಂತೆ. ಮೇಲಿಂದ ನೋಡುತ್ತಿದ್ದ ಗಾರೆಯವನು ಜಟ್ಟೆಪ್ಪ. ಯಾದಗಿರಿ ಕಡೆಯವನು, ಹಂಸ ಹೊರುತ್ತಿದ್ದದ್ದು ಅವನಿಗೆ. ಬ್ಲಾಕನ್ನು ಪಕ್ಕಕ್ಕೆ ಎಸೆದಿದ್ದರೆ ಅವಳು ನಿಂತುಬಿಡುತ್ತಿದ್ದಳು ಎಂದು ಅವನು ಆಮೇಲೆ ಹೇಳಿದ. ಕೆಳಗಿನ ಮೆಟ್ಟಿಲಲ್ಲಿ ಇನ್ನೊಬ್ಬಳು ಬರುತ್ತಿದ್ದಳು. ಹಂಸ ಎಸೆಯಲಿಲ್ಲ. ಹೊತ್ತುಕೊಂಡೇ ಕುಸಿದಳು.

ಅವಳನ್ನು ಆಟೋದಲ್ಲಿ ಕೂರಿಸಿ ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಕಳಿಸಿದ ಮೇಲೆ ನಾನು ಆ ಮೆಟ್ಟಿಲಿಗೆ ಹೋದೆ. ಎರಡು ಬ್ಲಾಕೂ ಅಲ್ಲೇ ಬಿದ್ದಿದ್ದವು. ಒಂದರ ಮೂಲೆ ಮುರಿದಿತ್ತು. ಅದನ್ನು ಎತ್ತಲು ಬಗ್ಗಿದೆ. ಅದು ಬರಲಿಲ್ಲ. ಆ ಸೈಟಿನಲ್ಲಿ ಎಂಟು ತಿಂಗಳಿದ್ದೆ. ಓವನ್ನಿನಲ್ಲಿ ಒಣಗಿದ್ದನ್ನು ಬಿಟ್ಟರೆ ಒಂದು ಬ್ಲಾಕನ್ನೂ ಒಬ್ಬಳೇ ಎತ್ತಿರಲಿಲ್ಲ. ಸ್ಯಾಂಪಲ್ಲನ್ನು ಆಳುಗಳು ತಂದು ತಕ್ಕಡಿಯ ಮೇಲೆ ಇಡುತ್ತಿದ್ದರು.

ಜಟ್ಟೆಪ್ಪ ಕೆಳಗಿಳಿದು ಬಂದು ಇನ್ನೊಂದು ತುದಿ ಹಿಡಿದ. "ಹಸಿ ಅದಾವ್ರೀ ಮೇಡಂ ಕಲ್ಲು. ಕರಣಿಲಿ ಹೊಡದ್ರ ಸಪ್ಪಳಾನ ಬರಂಗಿಲ್ಲ. ನಿಮಗ ಗೊತ್ತಿರಬೇಕಲ್ರೀ?"

ಗೊತ್ತಿತ್ತು. ಅದೇ ನನ್ನನ್ನು ಇವತ್ತಿಗೂ ಸುಡುತ್ತಿರುವುದು.

ಲ್ಯಾಬಿಗೆ ತಂದು ತೂಗಿದೆ. ಒಂದು 21.4. ಇನ್ನೊಂದು, ಮೂಲೆಯ ಚೂರನ್ನೂ ಸೇರಿಸಿ, 21.8. ಒಟ್ಟು 43.2 ಕೆಜಿ.

ರಫ್ ಬುಕ್ ತೆಗೆದೆ. ಎಂಟು ತಿಂಗಳ ತೂಕ ಅದರಲ್ಲಿತ್ತು. ಬಂದಾಗ 20.3, ಒಣಗಿದ ಮೇಲೆ 14.5. ಬಂದಾಗ 20.9, ಒಣಗಿದ ಮೇಲೆ 14.7. ಪುಟ ಪುಟ. ಹಬೆಯಲ್ಲಿ ಬೆಂದ ಕಲ್ಲು ನೀರು ತುಂಬಿಕೊಂಡೇ ಕಾರ್ಖಾನೆಯಿಂದ ಹೊರಡುತ್ತದೆ. ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಸುತ್ತುತ್ತಾರೆ. ಪ್ಲಾಸ್ಟಿಕ್ ಹರಿದಲ್ಲಿ ಮಳೆಯೂ ಸೇರಿಕೊಳ್ಳುತ್ತದೆ. ಗೋಡೆಯಲ್ಲಿ ಕೂತ ಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಒಣಗುತ್ತದೆ. ಅಷ್ಟರಲ್ಲಿ ಹೊತ್ತವಳು ಇನ್ನೊಂದು ಸೈಟಿನಲ್ಲಿರುತ್ತಾಳೆ.

ವರದಿಯ ನಮೂನೆಯಲ್ಲಿ ಮೊದಲನೇ ತೂಕಕ್ಕೆ ಕಾಲಮ್ಮೇ ಇರಲಿಲ್ಲ. ಕಾಲಂ ಇಲ್ಲದ್ದನ್ನು ನಾನು ಬರೆಯಲಿಲ್ಲ. ಕೈಯಾರೆ ತೂಗಿ, ಕೈಯಾರೆ ಗುರುತು ಹಾಕಿ, ಆಮೇಲೆ ಇಪ್ಪತ್ತು ಹೆಂಗಸರ ಮುಂದೆ ನಿಂತು ಹದಿನಾಲ್ಕೂವರೆ ಎಂದೆ. ತಲೆ ಸರಿಯಾಗಿ ಹೇಳಿತ್ತು. ತಕ್ಕಡಿಯೂ ಸರಿಯಾಗಿ ಹೇಳಿತ್ತು. ನಡುವೆ ನಿಂತು ತಪ್ಪು ಹೇಳಿದವಳು ನಾನು.

ಒಣ ತೂಕ ಬೇಕಾಗುವುದು ಕಟ್ಟಡಕ್ಕೆ. ಕಂಬದ ಮೇಲೆ ಎಷ್ಟು ಭಾರ ಬೀಳುತ್ತದೆ, ಎಷ್ಟು ಕಬ್ಬಿಣ ಹಾಕಬೇಕು ಎಂದು ತಿಳಿಯಲು. ಕಂಬ ಬಿರುಕು ಬಿಡಬಾರದು. ಕಂಬದ ಕಾಳಜಿ ಎಲ್ಲರಿಗೂ ಇತ್ತು.

ಕ್ಯಾಲ್ಕುಲೇಟರಿನಲ್ಲಿ ಒತ್ತಿದೆ. ಬ್ಲಾಕಿಗೆ ಆರು ಕೆಜಿ ಹೆಚ್ಚು. ದಿನಕ್ಕೆ ನೂರಿಪ್ಪತ್ತು ಬ್ಲಾಕು. ಏಳುನೂರ ಇಪ್ಪತ್ತು ಕೆಜಿ. ಒಬ್ಬೊಬ್ಬ ಹೆಂಗಸು ದಿನವೂ ಏಳುನೂರ ಇಪ್ಪತ್ತು ಲೀಟರು ನೀರನ್ನು ತಲೆಯ ಮೇಲೆ ಹೊತ್ತು ಐದನೇ ಮಹಡಿ ಹತ್ತುತ್ತಿದ್ದಳು. ಇಟ್ಟಿಗೆ ಬಿಟ್ಟು ಬ್ಲಾಕು ತಂದದ್ದು ನೀರು ಉಳಿಸಲಿಕ್ಕಂತೆ. ಗೇಟಿನ ಬೋರ್ಡಿನಲ್ಲಿ ಹಾಗೆಂದು ಬರೆದಿದೆ.

ಆಸ್ಪತ್ರೆಯಲ್ಲಿ ಹಂಸ ಕುತ್ತಿಗೆಗೆ ಪಟ್ಟಿ ಕಟ್ಟಿಸಿಕೊಂಡು ಅಂಗಾತ ಮಲಗಿದ್ದಳು. ಡಾಕ್ಟರು ಅವಳ ಬಲಗೈ ಹಿಡಿದು, "ಬೆರಳು ಮಡಚಮ್ಮ," ಎಂದರು. ಅವಳು ಮಡಚಿದೆ ಎಂದಳು. ಬೆರಳು ಅಲ್ಲಾಡಿರಲಿಲ್ಲ.

"ಎಷ್ಟು ಭಾರ ಹೊತ್ತಿದ್ಲು?"

ದೊಡ್ಡಮ್ಮ ನನ್ನ ಮುಖ ನೋಡಿದಳು.

"ನಲವತ್ಮೂರು ಕೆಜಿ ಇನ್ನೂರು ಗ್ರಾಂ," ಎಂದೆ.

ಡಾಕ್ಟರು ತಲೆಯೆತ್ತಿದರು. "ಗ್ರಾಂ ಲೆಕ್ಕ ಹೇಳ್ತಿದೀರಲ್ಲ?"

"ತೂಗಿದೀನಿ ಸಾರ್."

ಅವರು ಬರೆದುಕೊಂಡರು. ಹೊರಗೆ ಬಂದ ಮೇಲೆ ದೊಡ್ಡಮ್ಮ ಕೇಳಿದಳು. "ಹಂಗಾದ್ರೆ ನನ್ ತಲೆಗೆ ಅನ್ಸಿದ್ದು ಸುಳ್ಳಲ್ಲ?"

"ಅಲ್ಲ."

"ವಯಸ್ಸಾಗಿದ್ದೂ ಅಲ್ಲ?"

ಅವಳು ನನ್ನ ತೋಳಿಗೆ ಒಂದು ಗುದ್ದು ಕೊಟ್ಟಳು. ನಿಜವಾಗಿ ನೋವಾಗುವ ಗುದ್ದು. "ಓದಿರೋ ಮುಂಡೇದು," ಎಂದಳು.

ಮಾರನೆಯ ದಿನ ಶ್ರೀನಿವಾಸ್ ಕರೆಸಿದರು. ಎಸಿ ರೂಮು. ಲಿಖಿತ್ ಪಕ್ಕದಲ್ಲಿ ಕೂತಿದ್ದ. ಮೇಜಿನ ಮೇಲೆ ಅಪಘಾತ ವರದಿ. ಕಾರಣ: ಕಾರ್ಮಿಕ ಮಹಿಳೆಯ ಅಜಾಗರೂಕತೆ. ಹೊತ್ತಿದ್ದ ಭಾರ: 29.2 ಕೆಜಿ. ಅದರ ಪಕ್ಕ ಲ್ಯಾಬಿನ ಸಹಿಗೆ ಖಾಲಿ ಜಾಗ.

"ಸೈನ್ ಮಾಡಿ. ಲೇಬರ್ ಆಫೀಸಿಗೆ ಕಳಿಸ್ಬೇಕು."

"ಸಾರ್, ಆ ಎರಡು ಬ್ಲಾಕು ನಾನು ತೂಗಿದೆ. ನಲವತ್ಮೂರು ಪಾಯಿಂಟ್ ಎರಡು."

"ಒಣಗಿಸಿ ತೂಗಿದ್ರಾ?"

"ಇಲ್ಲ ಸಾರ್. ಅವಳು ಹೊತ್ತಿದ್ದ ಸ್ಥಿತೀಲಿ."

"ಕೋಡ್ ಏನು ಹೇಳುತ್ತೆ?"

"ಒಣಗಿಸಿ ತೂಗಬೇಕು ಅನ್ನುತ್ತೆ."

"ಮತ್ತೆ?"

"ಕೋಡು ಗೋಡೆಗೆ ಬರೆದದ್ದು ಸಾರ್. ಹೆಂಗಸಿನ ಕತ್ತಿಗಲ್ಲ."

ಲಿಖಿತ್ ಕಣ್ಣು ಕೆಳಗೆ ಹಾಕಿದ. ಶ್ರೀನಿವಾಸ್ ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ತಳ್ಳಿದರು. ದನಿ ಎತ್ತರಿಸಲಿಲ್ಲ.

"ಪೂಜಿತಾ, ಈ ನೂರಿಪ್ಪತ್ತರ ನಾರ್ಮ್ ಮುಂದಿನ ತಿಂಗಳಿಂದ ದೊಡ್ಡನೆಕ್ಕುಂದಿ ಸೈಟಿಗೂ ಹೋಗುತ್ತೆ, ಕಲ್ಯಾಣ ನಗರಕ್ಕೂ ಹೋಗುತ್ತೆ. ಹೆಡ್ ಆಫೀಸಿನವರು ಗುರುವಾರ ನೋಡೋಕೆ ಬರ್ತಿದಾರೆ. ಬ್ಲಾಕಿಗೆ ಹದಿನಾಲ್ಕು ಪಾಯಿಂಟ್ ಆರು ಅಂತ ಬರೆದೋರು ನೀವೇ. ನಾನು ನಿಮ್ಮ ಸಂಖ್ಯೆಗೆ ನಿಮ್ಮ ಸೈನ್ ಕೇಳ್ತಿದೀನಿ. ಸುಳ್ಳಿಗೇನು ಕೇಳ್ತಿಲ್ಲವಲ್ಲ?"

ಸುಳ್ಳಿಗೆ ಕೇಳಿದ್ದರೆ ಸುಲಭವಿತ್ತು. ಇದು ನಿಜ. ನನ್ನದೇ ನಿಜ. ಇದರ ಕೆಳಗೆ ಸಹಿ ಬಿದ್ದರೆ ಹಂಸ ಕಾಯ್ದೆ ಹೇಳಿದಷ್ಟನ್ನೇ ಹೊತ್ತು ತನ್ನ ತಪ್ಪಿನಿಂದ ಬಿದ್ದವಳಾಗುತ್ತಾಳೆ. ಆ ಕೈಗೆ ಯಾರೂ ಹೊಣೆಯಲ್ಲ.

"ನಾಳೆ ತನಕ ಟೈಮ್ ಕೊಡಿ ಸಾರ್."

"ಬೆಳಿಗ್ಗೆ ಎಂಟಕ್ಕೆ." ಆಮೇಲೆ, ನಾನು ಬಾಗಿಲು ಹಿಡಿದಾಗ: "ಆ ಮುನಿಶಾಮಮ್ಮ ನಿಮಗೆ ಏನಾಗ್ಬೇಕು? ಬೈಲಪ್ಪ ಎಲ್ಲ ಹೇಳ್ದ. ನಿಮ್ಮೋರಿಗೆ ಸೀಟು ಹೇಗೆ ಸಿಗುತ್ತೆ, ಡಿಗ್ರಿ ಹೇಗೆ ಸಿಗುತ್ತೆ ಅನ್ನೋದು ನಂಗೊತ್ತು. ಆದ್ರೂ ಒಂದು ಕುರ್ಚಿ ಕೊಟ್ಟು ಕೂರಿಸಿದೀನಿ. ಅದನ್ನ ಮರೀಬೇಡಿ."

ಅದೇ ಸಂಜೆ ಬೈಲಪ್ಪ ಕಾಲೊನಿಗೆ ಬಂದ. ಈ ಅಪಾರ್ಟ್‌ಮೆಂಟಿನ ಜಾಗ ಅವರ ಮನೆತನದ ರಾಗಿ ಹೊಲ. ಬಿಲ್ಡರಿಗೆ ಜಾಗ ಕೊಟ್ಟು ಹನ್ನೆರಡು ಫ್ಲ್ಯಾಟು ಬರೆಸಿಕೊಂಡಿದ್ದ, ಜೊತೆಗೆ ಆಳು ಒದಗಿಸುವ ಗುತ್ತಿಗೆ. ಬುಲೆಟ್ ಗಾಡಿಯನ್ನು ಬೀದಿಯ ಬಾಯಲ್ಲಿ ನಿಲ್ಲಿಸಿದ. ಒಳಗೆ ಬರಲಿಲ್ಲ. ಅವನ ಅಪ್ಪನೂ ಅಲ್ಲೇ ನಿಲ್ಲುತ್ತಿದ್ದನಂತೆ. ಅವನ ಕೈಯಲ್ಲಿ ಟೈಪು ಮಾಡಿದ ಹಾಳೆ ಮತ್ತು ಶಾಯಿ ಪ್ಯಾಡು ಇತ್ತು.

"ಮುನಿಶಾಮಮ್ಮ, ಎಲ್ರೂ ಒಂದೊಂದು ಹೆಬ್ಬೆಟ್ಟು ಒತ್ತಿ. ಏನಿಲ್ಲ, ನಾಳೆ ಯಾರಾದ್ರೂ ಕಲ್ಲು ಹಸಿ ಇತ್ತು ಅಂದ್ರೆ ಇರ್ಲಿ ಅಂತ. ಹಳೇ ರೂಢಿ ಮೇಲೆ ಬ್ಲಾಕ್‌ನ ನೀವೇ ಡ್ರಮ್ಮಲ್ಲಿ ನೆನೆಹಾಕ್ತಿದ್ರಿ ಅಂತ. ಗೊತ್ತಿಲ್ದೆ ಮಾಡಿದ್ದು ಅಂತಾನೂ ಬರ್ಸೀನಿ. ಯಾರ್ಗೂ ಏನೂ ಆಗಲ್ಲ."

ದೊಡ್ಡಮ್ಮ ಎದ್ದು ನಿಂತಳು. ಅವಳನ್ನು ಅಷ್ಟು ಸಿಟ್ಟಾಗಿ ನಾನು ಹಿಂದೆಂದೂ ನೋಡಿರಲಿಲ್ಲ.

ಇಟ್ಟಿಗೆಯ ಕಾಲದಲ್ಲಿ ನೆನೆಹಾಕುವುದು ಹೆಂಗಸರ ಕೆಲಸ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿ ಗೋಡೆ ಕೆಡಿಸುತ್ತದೆ. ಡ್ರಮ್ಮಿಗೆ ಇಳಿಸಿದರೆ ಗುಳುಗುಳು ಗುಳ್ಳೆ ಬರುತ್ತದೆ. ಗುಳ್ಳೆ ನಿಂತಾಗ ತೆಗೆಯಬೇಕು. ಮೊದಲು ತೆಗೆದರೂ ಕೆಟ್ಟಿತು, ಮರೆತರೂ ಕೆಟ್ಟಿತು. ಡ್ರಮ್ಮಿಗೆ ಬೆನ್ನು ಹಾಕಿ ನಿಂತು, ಸದ್ದು ಕೇಳಿಯೇ ಯಾವಾಗ ತೆಗೆಯಬೇಕೆಂದು ದೊಡ್ಡಮ್ಮ ಹೇಳುತ್ತಿದ್ದಳು. ಬ್ಲಾಕು ಬಂದಾಗ ಇದನ್ನು ನೆನೆಸುವುದು ಬೇಡ, ಕುಂಚದಲ್ಲಿ ಮೈ ಒದ್ದೆ ಮಾಡಿದರೆ ಸಾಕು ಎಂದು ಹೊಸ ಹೆಂಗಸರಿಗೆಲ್ಲ ಕಲಿಸಿದವಳೂ ಅವಳೇ.

"ಯಾವ್ದು ನೆನ್ಸ್‌ಬೇಕು ಯಾವ್ದು ನೆನ್ಸ್‌ಬಾರ್ದು ಅಂತ ನಂಗೆ ನೀನು ಹೇಳ್ಕೊಡ್ತೀಯ ಬೈಲಪ್ಪಣ್ಣ? ಅದನ್ನ ಹೊರೋಳು ನಾನೇ. ನನ್ ತಲೆ ಮ್ಯಾಲಿನ ಕಲ್ಲಿಗೆ ನಾನೇ ನೀರು ತುಂಬ್ಕೊಂತೀನಾ? ಅಷ್ಟು ಕುರಿಗಳು ಅನ್ಕೊಂಡ್ಯಾ ನಮ್ಮನ್ನ?"

"ಬಾಯಿ ಮಾಡ್ಬೇಡ. ನಿಮ್ಮಪ್ಪ ಇದೇ ಹೊಲ್ದಲ್ಲಿ ಎರಡು ರಾಗಿ ಮೂಟೆ ಒಟ್ಟಿಗೆ ಹೊತ್ತೋನು. ಒಂದು ಮಾತಾಡ್ತಿರ್ಲಿಲ್ಲ."

"ಹೊತ್ತು ಹೊತ್ತೇ ಸತ್ತ. ನಲವತ್ತಾರು ವರ್ಸಕ್ಕೆ. ಮಾತಾಡೋಕೆ ಟೇಮೇ ಸಿಗ್ಲಿಲ್ಲ ಅವ್ನಿಗೆ. ಅವ್ನ್ ಪಾಲಿಂದೂ ನಾನೇ ಆಡ್ತೀನಿ. ತಗೊಂಡೋಗು ನಿನ್ ಹಾಳೆ."

ಬೀದಿಯಲ್ಲಿ ಯಾರೂ ಹೆಬ್ಬೆಟ್ಟು ಒತ್ತಲಿಲ್ಲ. ಬುಲೆಟ್ಟು ಸದ್ದು ಮಾಡುತ್ತ ಹೋಯಿತು.

ಬೆಳಿಗ್ಗೆ ಎಂಟಕ್ಕೆ ಗೇಟಿನ ಬಳಿ ಎಲ್ಲರೂ ನಿಂತಿದ್ದರು. ಹತ್ತೊಂಬತ್ತು ಹೆಂಗಸರು ಒಂದು ಕಡೆ, ಗಾರೆಯವರು ಒಂದು ಕಡೆ. ಶ್ರೀನಿವಾಸ್ ತಾವೇ ಬಂದಿದ್ದರು. ಬೈಲಪ್ಪ, ಲಿಖಿತ್ ಪಕ್ಕದಲ್ಲಿದ್ದರು. ಶ್ರೀನಿವಾಸ್ ಎಲ್ಲರ ಮುಂದೆಯೇ ನನಗೆ ಹಾಳೆ ಮತ್ತು ಪೆನ್ನು ಕೊಟ್ಟರು. ಎಲ್ಲರೂ ನೋಡಲಿ ಎಂದೇ ಕೊಟ್ಟದ್ದು.

29.2 ಎಂಬುದರ ಮೇಲೆ ಅಡ್ಡಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: ಹೊತ್ತಿದ್ದ ಸ್ಥಿತಿಯಲ್ಲಿ 43.2 ಕೆಜಿ. ತೂಗಿದ ದಿನಾಂಕ, ಸಮಯ, ತಕ್ಕಡಿಯ ನಂಬರು. ಸಹಿ ಹಾಕಿದೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹಾಳೆಯನ್ನು ಹಿಂದಕ್ಕೆ ಕೊಟ್ಟೆ. ರಫ್ ಬುಕ್ಕಿನ ಪುಟಗಳ ಫೋಟೊ ಹಿಂದಿನ ಸಂಜೆಯೇ ತೆಗೆದಿದ್ದೆ.

ಶ್ರೀನಿವಾಸ್ ಓದಿದರು. ಕಿವಿ ಕೆಂಪಾಯಿತು. ಹಾಳೆಯನ್ನು ಎರಡಾಗಿ ಹರಿದರು. "ಐಡಿ ಕಾರ್ಡ್ ಕೊಟ್ಟು ಹೊರಡು."

ಮೊದಲ ಸಲ ಏಕವಚನ. ಕೊರಳಿಂದ ಕಾರ್ಡು ತೆಗೆದೆ.

"ಮೇಡಂ," ದೊಡ್ಡಮ್ಮನ ದನಿ. "ಹೋಗೋಕ್ ಮುಂಚೆ ಒಂದು ಕೆಲ್ಸ ಮಾಡ್ಕೊಟ್ಟು ಹೋಗಿ. ಆ ತಕ್ಕಡಿ ಈಚೆಗೆ ತನ್ನಿ."

"ಮೇಡಂ ಅನ್ಬೇಡ ದೊಡ್ಡಮ್ಮ," ಎಂದೆ. ಜೋರಾಗಿಯೇ ಅಂದೆ. ಲಿಖಿತ್ ತಲೆಯೆತ್ತಿ ನನ್ನನ್ನೂ ಅವಳನ್ನೂ ನೋಡಿದ.

ಜಟ್ಟೆಪ್ಪ ಮತ್ತು ಇನ್ನೊಬ್ಬ ಗಾರೆಯವನು ಹೋಗಿ ತಕ್ಕಡಿ ಹೊತ್ತು ತಂದರು. ಬೈಲಪ್ಪ ಅಡ್ಡ ಬಂದ. ಜಟ್ಟೆಪ್ಪ, "ಸರೀರಿ ಅತ್ಲಾಗ," ಎಂದು ಭುಜದಲ್ಲೇ ತಳ್ಳಿಕೊಂಡು ಬಂದ. ಅವತ್ತು ಮುಂಜಾನೆ ಬಂದ ಲೋಡು ಗೇಟಿನ ಪಕ್ಕದಲ್ಲೇ ಇತ್ತು, ಪ್ಲಾಸ್ಟಿಕ್ ಬಿಚ್ಚಿರಲಿಲ್ಲ. ದೊಡ್ಡಮ್ಮ ಕುಡುಗೋಲಿನಿಂದ ಪ್ಲಾಸ್ಟಿಕ್ ಸೀಳಿದಳು. ಒಳಗಿನಿಂದ ಬೆಚ್ಚನೆ ಆವಿ ಬಂತು. ಪ್ಲಾಸ್ಟಿಕ್ಕಿನ ಒಳಮೈಯಿಂದ ನೀರು ತೊಟ್ಟಿಕ್ಕಿತು.

"ಇದನ್ನೂ ನಾವೇ ನೆನ್ಸಿದ್ವಾ ಸಾಮಿ?"

ಅವಳು ಎರಡು ಬ್ಲಾಕನ್ನು ತಕ್ಕಡಿಯ ಮೇಲೆ ಇಟ್ಟಳು. ನಾನು ಜೋರಾಗಿ ಓದಿದೆ. "ನಲವತ್ತೊಂದು ಪಾಯಿಂಟ್ ಆರು."

"ಕೋಡ್ ಪ್ರಕಾರ ಹಾಗೆ ತೂಗೋ ಹಾಗಿಲ್ಲ," ಎಂದರು ಶ್ರೀನಿವಾಸ್. "ಒಣಗಿಸಿ ತೂಗ್ಬೇಕು. ಅದೇ ಅದರ ನಿಜವಾದ ತೂಕ."

ದೊಡ್ಡಮ್ಮ ತಲೆಯ ಸಿಂಬೆ ತೆಗೆದು ಕೈಯಲ್ಲಿ ಹಿಡಿದಳು.

"ಸರಿ ಸಾಮಿ. ಒಣಗ್ಸೇ ಕೊಡಿ. ಒಣಗಿರೋದಾದ್ರೆ ಎರಡು ಹೊರ್ತೀವಿ. ಹಸೀದಾದ್ರೆ ಒಂದೇ. ನೀವೇ ಬರ್ದಿರೋ ಲೆಕ್ಕ, ನಾವು ಒಂದು ಗ್ರಾಮೂ ಜಾಸ್ತಿ ಕೇಳ್ತಿಲ್ಲ."

"ಒಂದೊಂದೇ ಹೊತ್ರೆ ಐದನೇ ಫ್ಲೋರ್ ಯಾವಾಗ ಮುಗಿಯುತ್ತೆ? ಗುರುವಾರ ಏನು ತೋರಿಸ್ಲಿ ನಾನು? ಎರಡು ಹೊರೋರು ಇರಿ, ಮಿಕ್ಕೋರು ಗೇಟಿಂದಾಚೆ!"

ಉಳಿದ ಹದಿನೆಂಟು ಸಿಂಬೆಯೂ ತಲೆಯಿಂದ ಕೆಳಗಿಳಿದವು. ಯಾರೂ ಯಾರಿಗೂ ಸನ್ನೆ ಮಾಡಿರಲಿಲ್ಲ.

ಶ್ರೀನಿವಾಸ್ ಗಾರೆಯವರ ಕಡೆ ತಿರುಗಿದರು. ಜಟ್ಟೆಪ್ಪ ಕರಣಿಯನ್ನು ಬಾಂಡ್ಲಿಯಲ್ಲಿ ಇಟ್ಟು ಕೈ ಒರೆಸಿಕೊಂಡ. "ನಮ್ಮ ಕೆಲಸ ಕಟ್ಟೂದು ಅಷ್ಟರೀ. ಕಲ್ಲು ಬರಲಿ, ಕಟ್ತೀವಿ."

"ಒಣಗಿಸೋಕೆ ಎಷ್ಟು ಹೊತ್ತು ಬೇಕು?" ಶ್ರೀನಿವಾಸ್ ಲಿಖಿತನನ್ನು ಕೇಳಿದರು. ಸಿಟ್ಟಿನಲ್ಲಿ ಕೇಳಿದ್ದು. ಲಿಖಿತ್ ನನ್ನನ್ನು ನೋಡಿದ. ಲೆಕ್ಕ ಅವನಿಗೂ ಬರುತ್ತಿತ್ತು.

ನಾನು ಹೇಳಿದೆ. "ಓವನ್ನಲ್ಲಿ ಮೂರು ಹಿಡಿಯುತ್ತೆ ಸಾರ್. ಮೂರು ಬ್ಲಾಕಿಗೆ ಒಂದು ದಿನ. ನಿಮ್ಮ ನಾರ್ಮ್ ಪ್ರಕಾರ ಇಪ್ಪತ್ತು ಜನಕ್ಕೆ ದಿನಕ್ಕೆ ಎರಡು ಸಾವಿರದ ನಾನೂರು ಬ್ಲಾಕ್ ಬೇಕು. ಇವತ್ತಿನ ಒಂದು ದಿನದ ಬ್ಲಾಕು ಒಣಗೋಕೆ ಎಂಟುನೂರು ದಿನ. ಎರಡು ವರ್ಷದ ಮೇಲೆ ಎರಡು ತಿಂಗಳು."

ಗೇಟಿನ ಆಚೆ ಕಾಂಕ್ರೀಟ್ ಲಾರಿಯೊಂದು ಬಂದು ಹಾರ್ನ್ ಹೊಡೆಯಿತು. ಗೇಟು ತೆಗೆಯಲು ಯಾರೂ ಹೋಗಲಿಲ್ಲ.

ದೊಡ್ಡಮ್ಮ ಸಿಂಬೆಯನ್ನು ಬ್ಲಾಕಿನ ರಾಶಿಯ ಮುಂದೆ ನೆಲಕ್ಕೆ ಹಾಕಿದಳು. ಸವೆದ ಮಂಡಿಗೆ ಕೈಕೊಟ್ಟು ನಿಧಾನವಾಗಿ ಬಗ್ಗಿ ಅದರ ಮೇಲೆ ಕೂತಳು.

"ಕಾಯ್ತೀವಿ," ಎಂದಳು.